ರಂಗಂಪೇಟೆಗೆ ಹೊರಟ ಗಿರಣಿ ಕಲ್ಲು

ಗದಗಿನಿಂದ ಹೊರಟು ಹೊಟಗಿಯಲ್ಲೂ ವಾಡಿಯಲ್ಲೂ ಗಾಡಿ ಬದಲಿಸಿ ಯಾದಗಿರಿ ಸ್ಟೇಶನ್ನಿನಲ್ಲಿ ಇಳಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಯುದ್ಧ ನಡೆದಿದ್ದ ಕಾಲ. ಹಿಟ್ಟಿನ ಗಿರಣಿ ಕೂಡಿಸುವ ಮಿಸ್ತ್ರಿ ನಾನು. ರಂಗಂಪೇಟೆಯ ಸಾಹುಕಾರ ಸಂಗಣ್ಣನವರು ತಮ್ಮೂರಿಗೆ ಮೊದಲ ಗಿರಣಿ ತರಿಸುತ್ತಿದ್ದರು. ಅದರ ಎಂಜಿನ್ನೂ ಎರಡು ಕಲ್ಲುಗಳೂ ನನಗಿಂತ ಮೊದಲೇ ಗೂಡ್ಸಿನಲ್ಲಿ ಬಂದು ಬಿದ್ದಿದ್ದವು. ಅವನ್ನು ಲಾರಿಯಲ್ಲಿ ಮುಟ್ಟಿಸಿ, ಕೂಡಿಸಿ, ತಿರುಗಿಸಿ ತೋರಿಸುವ ಹೊಣೆ ನನ್ನದು.

ಸ್ಟೇಶನ್ನಿನ ಹೊರಗೆ ಚಹ ಕುಡಿದು ನಮ್ಮ ಕಡೆ ನಡೆಯುವ ಬ್ರಿಟಿಷರ ಕಲದಾರ್ ರೂಪಾಯಿ ಕೊಟ್ಟೆ. ಅಂಗಡಿಯವನು ಅದನ್ನು ಹೊರಳಿಸಿ ನೋಡಿ ನಿಜಾಮರ ಹಾಲಿ ನಾಣ್ಯದಲ್ಲಿ ಚಿಲ್ಲರೆ ಕೊಟ್ಟ. ಬೇರೆ ಸೀಮೆಗೆ ಬಂದಿದ್ದೇನೆಂದು ಮನಸ್ಸಿಗೆ ಹತ್ತಿದ್ದು ಆಗಲೇ.

ಪೆಟ್ರೋಲೆಲ್ಲ ದಂಡಿಗೆ ಹೋಗುತ್ತಿದ್ದುದರಿಂದ ಲಾರಿ ಇದ್ದಿಲಿನ ಮೇಲೆ ಓಡುತ್ತಿತ್ತು. ಡ್ರೈವರನ ಬೆನ್ನ ಹಿಂದೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಅದರಲ್ಲಿ ಇದ್ದಿಲು ಹೊತ್ತಿಸಿ, ಹುಟ್ಟಿದ ಗ್ಯಾಸನ್ನು ಕೊಳವೆಯಿಂದ ಎಂಜಿನ್ನಿಗೆ ಬಿಡುತ್ತಿದ್ದರು. ಡ್ರೈವರ್ ಇಮಾಮಸಾಬ ಶಹಾಪುರದವನು, ನಡುವಯಸ್ಸಿನವನು, ಹುಬ್ಬಿನ ಮೇಲೂ ಮಸಿ.

"ಏರ ಬಂತಂದ್ರ ಇದು ಎತ್ತಿನಕಿಂತ ಮೆಲ್ಲಕ ಹೋಗ್ತದ್ರಿ ಮಿಸ್ತ್ರಿ. ಬೈಬ್ಯಾಡ್ರಿ, ನಿಂತುಬಿಡ್ತದ" ಎಂದ.

ಮುದನಾಳದ ಹೊಲಗಳನ್ನು ಬಿಟ್ಟು ಭೀಮೆ ದಾಟಿದ ಮೇಲೆ ಮನುಷ್ಯರು ಕಾಣುವುದೇ ಅಪರೂಪ. ಕೊಯ್ಲು ಮುಗಿದ ಕರಿ ನೆಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಶಹಾಪುರಕ್ಕೆ ಇಪ್ಪತ್ತು ಮೈಲಿಗೆ ತುಸು ಹೆಚ್ಚು, ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಲಾರಿಯಲ್ಲಿ ಬಂದಿದ್ದ ಸೀಮೆ ಎಣ್ಣೆಯ ಡಬ್ಬಿಗಳನ್ನು ಅಲ್ಲಿನ ಅಂಗಡಿಗೆ ಇಳಿಸಿ, ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ಪೇಟೆಯಲ್ಲಿ ಇದ್ದಿಲು ಮಾತ್ರ ಸಿಗಲಿಲ್ಲ. "ಮುಂದ ಗುಡ್ಡದ ಬುಡಕ ಸುಡೋ ಮಂದಿ ಅದಾರ, ಅಲ್ಲಿ ತುಂಬ್ಕೊಳ್ಳೋಣು" ಎಂದು ಇಮಾಮಸಾಬ ಲಾರಿ ಬಿಟ್ಟ.

ಗುಡ್ಡದ ಬುಡದಲ್ಲಿ ಒಬ್ಬ ಹೆಂಗಸು ಎರಡೂ ಕೈ ಚಾಚಿ ದಾರಿಯ ನಡುವೆ ನಿಂತಿದ್ದಳು. ದೇವಮ್ಮನೆಂದು ಹೆಸರು. ಇಮಾಮಸಾಬನಿಗೆ ಗುರುತಿನವಳು. ಯಾದಗಿರಿ ಕಡೆಯ ಭೀಮೆಯ ದಂಡೆಯವರು. ನೀರಿಳಿದು ಮೀನು ಕಡಿಮೆಯಾದಾಗ ಗಂಡ ಹೆಂಡತಿ ಇಲ್ಲಿಗೆ ಬಂದು ಕಟ್ಟಿಗೆ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಇದ್ದಿಲು ಸುಡುತ್ತಿದ್ದರು. ಆ ದಿನ ಬೆಳಿಗ್ಗೆ ಗಂಡ ಸಾಬಣ್ಣ ಒಳಗೆ ಉರಿಯುವ ಕಟ್ಟಿಗೆಯ ಗುಡ್ಡೆಯ ಬಿರುಕು ಮುಚ್ಚಲು ಮೇಲೆ ಹತ್ತಿದಾಗ ಮೇಲಿನ ಮಣ್ಣು ಕುಸಿದು ಒಂದು ಕಾಲು ಮೊಣಕಾಲಿನವರೆಗೆ ಬೆಂಕಿಗೆ ಇಳಿದಿತ್ತು. ಜಾಲಿಯ ನೆರಳಲ್ಲಿ ಮಲಗಿದ್ದ. ಕಣ್ಣು ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ.

"ಇದ್ದಲಿ ಬೇಕಾದಷ್ಟು ತುಂಬ್ಕೋರಿ. ಇವನ್ನ ಸುರಪುರದ ದವಾಖಾನಿಗಿ ಮುಟ್ಟಸ್ರಿ" ಎಂದಳು.

ಇಮಾಮಸಾಬ ನನ್ನ ಮುಖ ನೋಡಿದ. ಲಾರಿಯಲ್ಲಿ ಎಂಜಿನ್ನು, ಅದರ ಪಕ್ಕ ಮೈಚಾಚಿಕೊಂಡ ಕಲ್ಲುಗಳು. ಮನುಷ್ಯನನ್ನು ಮಲಗಿಸಬೇಕಾದರೆ ಕಲ್ಲು ಇಳಿಯಬೇಕು. ಒಂದು ಕಲ್ಲಿನ ಅಂಚು ಮುಕ್ಕಾದರೂ ಗಿರಣಿ ಇಲ್ಲ, ನನಗೆ ಮುಂದೆ ಕೆಲಸವೂ ಇಲ್ಲ. ಬಟಾಬಯಲಲ್ಲಿ ಬಿಟ್ಟು ಹೋದರೆ ಯಾರು ಕಾಯುವವರು ಎಂದೆ.

"ನಾ ಇರ್ತೀನ್ರಿ" ಎಂದಳು ದೇವಮ್ಮ. "ನಿಮ್ಮ ಕಲ್ಲ ನಾ ಕಾಯ್ತೀನಿ. ನನ್ನ ಮನುಷ್ಯಾನ್ನ ನೀವು ಕಾಯ್ರಿ."

ಆಕೆ ಜೊತೆಗೆ ಬರುತ್ತಾಳೆಂದು ನಾನು ತಿಳಿದಿದ್ದೆ. ಹಲಗೆ ಹಚ್ಚಿ ಮೂವರೂ ಸೇರಿ ಕಲ್ಲುಗಳನ್ನು ಜಾರಿಸಿ ಇಳಿಸಿದೆವು. ಸಾಬಣ್ಣನನ್ನು ಗೋಣಿಯ ಮೇಲೆ ಮಲಗಿಸಿ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಇದ್ದಿಲು ತುಂಬಿಕೊಂಡು ಲಾರಿ ಹೊರಟಾಗ ಆಕೆ ಕಲ್ಲಿನ ಮೇಲೆ ಕೂತು ಕೊಡಲಿಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು.

ಏರಿನಲ್ಲಿ ಎಂಜಿನ್ನು ಏದುಸಿರು ಬಿಟ್ಟಿತು. ಪ್ರತಿ ಕುಲುಕಿಗೂ ಸಾಬಣ್ಣ ಹಲ್ಲು ಕಚ್ಚುತ್ತಿದ್ದ. ನೀರು ಕುಡಿಸಿದರೆ ಅರ್ಧ ಹೊರಗೆ ಹರಿಯುತ್ತಿತ್ತು. "ಅದಾನೇನ್ರಿ?" ಎಂದು ಇಮಾಮಸಾಬ ಮುಂದಿನಿಂದ ಕೂಗುವನು. "ಅದಾನ" ಎಂದು ನಾನು ಕೂಗುವೆ. ಹೀಗೆ ಕೂಗಿಕೊಳ್ಳುತ್ತಲೇ ಸುರಪುರ ಸೇರಿದೆವು. ದವಾಖಾನೆಯ ಡಾಕ್ಟರು ಕಾಲು ನೋಡಿ, "ನಾಳೆವರೆಗೆ ಏನೂ ಹೇಳೋದಕ್ಕಾಗದು" ಎಂದರು.

ಸುರಪುರಕ್ಕೆ ಅಂಟಿಕೊಂಡೇ ಇರುವ ರಂಗಂಪೇಟೆಯಲ್ಲಿ ಸಂಗಣ್ಣನವರ ಅಂಗಳದಲ್ಲಿ ಜೋಳದ ಬುಟ್ಟಿ ಹೊತ್ತ ಹೆಂಗಸರು ಗಿರಣಿ ನೋಡಲು ನೆರೆದಿದ್ದರು. ಕಲ್ಲಿಲ್ಲದ ಎಂಜಿನ್ನು ಇಳಿಯುವುದನ್ನು ಕಂಡು ಸಾಹುಕಾರರ ಮುಖ ಕೆಂಪಾಯಿತು. ನಡೆದದ್ದು ಹೇಳಿದೆ.

"ಕಲ್ಲಿನ ಹತ್ರ ಈಗ ಯಾರ ಅದಾರ?"

"ಆತನ ಹೆಂಡತಿ."

"ಒಬ್ಬಾಕಿನ? ಆ ಕಾಡನ್ಯಾಗ?" ಎಂದು ಅವರು ಒಳಗೆ ಹೋಗಿ ಎತ್ತಿನ ಗಾಡಿ ಹೂಡಿಸಿ ಇಬ್ಬರು ಆಳುಗಳನ್ನು ಕಳಿಸಿದರು.

ಮರುದಿನ ಬೆಳಿಗ್ಗೆ ಗಾಡಿ ಬರಿದಾಗಿ ಬಂದು ನಿಂತಿತು. "ಕಲ್ಲ ಮುಟ್ಟಾಕ ಬಿಡಲಿಲ್ರಿ ಆಕಿ" ಎಂದ ಒಬ್ಬ ಆಳು. "ಗಂಡನ ಸುದ್ದಿ ಕೇಳಿದಳು. ನಮಗೇನ ಗೊತ್ತು ಅಂದೀವಿ. ಸುದ್ದಿ ಬರೂತನ ಕಲ್ಲ ಕೊಡೂದಿಲ್ಲ ಅಂತ ಕೊಡ್ಲಿ ಹಿಡ್ಕೊಂಡು ನಿಂತಳು."

ಕಲ್ಲನ್ನು ಆಕೆ ಕಾಯುತ್ತಿದ್ದಾಳೆಂದುಕೊಂಡಿದ್ದೆ, ಒತ್ತೆ ಇಟ್ಟುಕೊಂಡಿದ್ದಳು. ನೇರವಾಗಿ ದವಾಖಾನೆಗೆ ನಡೆದೆ. ಸಾಬಣ್ಣನ ಕಾಲಿಗೆ ಪಟ್ಟಿ ಸುತ್ತಿದ್ದರು. ಬೆರಳುಗಳು ಉಳಿಯುವುದಿಲ್ಲ, ಮನುಷ್ಯ ಉಳಿಯುತ್ತಾನೆ ಎಂದರು ಡಾಕ್ಟರು. ಅದೇ ಗಾಡಿಗೆ ಬೇರೆ ಎತ್ತು ಹೂಡಿಸಿಕೊಂಡು ನಾನೇ ಹೊರಟೆ.

ದೂರದಿಂದ ನನ್ನನ್ನು ಕಂಡು ದೇವಮ್ಮ ಎದ್ದು ನಿಂತಳು. ಕೈಯಲ್ಲಿ ಕೊಡಲಿ. ಗಾಡಿ ಹತ್ತಿರ ಬರುವ ಮೊದಲೇ ನಾನು ಕೂಗಿ ಹೇಳಿದೆ: "ಅದಾನ! ರಾತ್ರಿ ಗಂಜಿ ಕುಡದಾನ!"

ಕೊಡಲಿ ಕೈಯಿಂದ ಬಿತ್ತು. ಸೆರಗಿನಿಂದ ಮುಖ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು, "ಬರ್ರಿ, ಏರಸೋಣು" ಎಂದು ತಾನೇ ಕಲ್ಲಿಗೆ ಹೆಗಲು ಕೊಟ್ಟಳು. ಬೆರಳಿನ ವಿಷಯ ದಾರಿಯಲ್ಲಿ ಹೇಳಿದೆ. "ಹೋಗ್ಲಿ ಬಿಡ್ರಿ" ಎಂದಳು.

ಗಿರಣಿ ಕೂಡಿಸಿ, ಕಲ್ಲು ಹದಕ್ಕೆ ಬರಿಸಿ ನಾನು ಹಿಂತಿರುಗುವ ಹೊತ್ತಿಗೆ ತಿಂಗಳ ಮೇಲಾಗಿತ್ತು, ಗಂಡ ಹೆಂಡತಿ ದವಾಖಾನೆ ಬಿಟ್ಟಿದ್ದರು. ಮತ್ತೆ ಇಮಾಮಸಾಬನ ಲಾರಿಯೇ. ಗುಡ್ಡದ ಬುಡದಲ್ಲಿ ಯಾರೂ ಇರಲಿಲ್ಲ. ಭೀಮೆಯ ದಂಡೆಯಲ್ಲಿ ಡ್ರಮ್ಮು ಆರಿಸಿ ಬೂದಿ ತೆಗೆಯಲು ಲಾರಿ ನಿಂತಾಗ ಉಸುಕಿನಲ್ಲಿ ಒಬ್ಬ ಕಾಲು ಚಾಚಿ ಕೂತು ಬಲೆ ಹೆಣೆಯುವುದು ಕಂಡಿತು. ಸಾಬಣ್ಣ. ಇಳಿದು ಹೋಗಿ, "ಹೆಂಗದ ಈಗ?" ಎಂದೆ.

ಅವನು ತಲೆಯೆತ್ತಿ ನೋಡಿದ. "ಪಾಡದ್ರಿ, ನೋವ ಕಡಿಮಿ ಆಗ್ಯದ. ನೀವು ಯಾರು ಗೊತ್ತಾಗ್ಲಿಲ್ಲ" ಎಂದ. ನಾನು ಹೇಳುವಷ್ಟರಲ್ಲಿ ಇಮಾಮಸಾಬ ಹಾರ್ನ್ ಒತ್ತಿದ. ನನ್ನ ರೈಲಿಗೆ ಹೊತ್ತಾಗಿತ್ತು.

ಲಾರಿಯಿಂದ ಹೊರಳಿ ನೋಡಿದೆ. ನೀರಿನಿಂದ ಎದ್ದು ಬಂದ ದೇವಮ್ಮ ನಮ್ಮ ಕಡೆಗೆ ಕೈ ಮಾಡಿ ಗಂಡನಿಗೆ ಏನೋ ಹೇಳುತ್ತಿದ್ದಳು. ಮಾತು ಕೇಳಿಸಲಿಲ್ಲ. ಎರಡೂ ಕೈ ಅಗಲಿಸಿ, ಕಲ್ಲು ಇಷ್ಟು ದೊಡ್ಡದಿತ್ತು ಎಂದು ತೋರಿಸುತ್ತಿದ್ದಳು.