ಜರ್ಮನ್ ಪದಕ್ಕೆ ಬಂದ ಸ್ಟೀಲ್ ಡಬರಿ

ನೆನೆಸಿದ ಅವರೆಕಾಳಿನ ವಾಸನೆ ನಿಮಗೂ ಗೊತ್ತಿರುತ್ತದೆ. ಈ ಬೆಳಿಗ್ಗೆ ಡಬರಿಯ ಮುಚ್ಚಳ ತೆಗೆದಾಗ ಅದು ಮೂಗಿಗೆ ಬಡಿಯಿತು. ನನಗೆ ನೆನಪಾದದ್ದು ಒಂದು ಜರ್ಮನ್ ಪದ. ನಗಬೇಡಿ, ಫಾಂಡ್‌ಬ್ರೀಫ್ ಅಂತ.

ತೊಂಬತ್ತರ ದಶಕದಲ್ಲಿ ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಕಾಂ. ಓದುತ್ತಿದ್ದೆ. ಬ್ಯಾಂಕಿಂಗ್ ಮೇಷ್ಟರು ಭಾಷಣ ಸ್ಪರ್ಧೆ ಇಟ್ಟು ವಿಷಯದ ಚೀಟಿ ಎತ್ತಿಸಿದರು. ಗೆಳತಿಯರಿಗೆ ಚೆಕ್ಕು, ಷೇರು ಬಂದವು, ನನಗೆ ಈ ಫಾಂಡ್‌ಬ್ರೀಫ್. ಹಿಂದಿನ ವರ್ಷ ಅದೇ ವೇದಿಕೆಯಲ್ಲಿ ನಮಸ್ಕಾರ ಹೇಳಿದ ಮೇಲೆ ಬಾಯಿ ಕಟ್ಟಿಹೋಗಿ ಕೆಳಗಿಳಿದವಳು ನಾನು. ಈ ಸಲವೂ ಹಾಗಾದರೆ ಜನ್ಮದಲ್ಲಿ ಮೈಕಿನ ಹತ್ತಿರ ಸುಳಿಯುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಲೈಬ್ರರಿಯ ದಪ್ಪ ಪುಸ್ತಕ ನೋಡಿ ಬಾಯಿಪಾಠ ಮಾಡಿದೆ. ಸಂಜೆ ಮನೆಯವರೆಲ್ಲ ಹಿತಕಿದ ಬೇಳೆ ಸಾರಿಗೆಂದು ಅವರೆಕಾಳಿನ ಸಿಪ್ಪೆ ತೆಗೆಯುತ್ತ ಕೂತಿದ್ದರು. ಆ ಕೆಲಸದಲ್ಲಿ ಕೈಗೆ ಪುರುಸೊತ್ತಿಲ್ಲ, ಬಾಯಿಗೆ ಬೇಕಾದಷ್ಟಿದೆ. ಕುಣಿಗಲ್ಲಿನಿಂದ ಬಂದಿದ್ದ ಸೋದರತ್ತೆ ಗಂಗಮ್ಮ ಭಾಷಣ ಹೇಳಿಸಿದಳು. ಕೇಳಿ ಮುಗಿಸಿ, "ಅದ್ಯಾಕೆ ಮಂತ್ರ ಹೇಳ್ದಂಗೆ ಹೇಳ್ತೀಯೆ? ನಂಗೆ ತಿಳಿಯಂಗೆ ಹೇಳು" ಎಂದಳು.

ಫಾಂಡ್ ಎಂದರೆ ಅಡವು, ಬ್ರೀಫ್ ಎಂದರೆ ಪತ್ರ. ಸೇರಿಸಿದರೆ ಅಡವುಪತ್ರ ಎಂದೆ. ಬ್ರೀಫ್ ಲ್ಯಾಟಿನ್ನಿನಿಂದ ಬಂದದ್ದು, ಮೂಲದಲ್ಲಿ 'ಚಿಕ್ಕದು' ಎಂದು ಅರ್ಥ, ಚಿಕ್ಕದಾಗಿ ಬರೆದ ಕಾಗದ ಎಂದೂ ಸೇರಿಸಿದೆ. ಹಾಗಾದರೆ ನಿನ್ನ ಭಾಷಣವೂ ಚಿಕ್ಕದಿರಲಿ ಎಂದ ಅತ್ತೆ, ಕಾಳು ಹಿಸುಕುತ್ತಲೇ ಕೇಳಿದಳು: "ಅಡ ಇಟ್ಟ ಮನೇಲಿ ಯಾರಿರ್ತಾರೆ? ಆ ಕಾಗ್ದ ಯಾರತ್ರ ಇರ್ತದೆ?"

ಬಾಯಿಪಾಠದಲ್ಲಿ ಅದಿರಲಿಲ್ಲ. ಮರುದಿನ ಮತ್ತೆ ಲೈಬ್ರರಿ. ಮನೆಯಲ್ಲಿ ಮನೆಯವನೇ ಇರುತ್ತಾನೆ. ಅಡಮಾನದ ಹಕ್ಕು, ಸಾಲ ಕೊಟ್ಟ ಬ್ಯಾಂಕಿನದು. ಅಂಥ ಸಾಲಗಳನ್ನು ಆಧಾರವಾಗಿ ತೋರಿಸಿ ಬ್ಯಾಂಕು ಹಣ ಹೂಡುವವರಿಗೆ ಕೊಡುವ ಪತ್ರವೇ ಫಾಂಡ್‌ಬ್ರೀಫ್. ಅತ್ತೆ ತಲೆದೂಗುವ ತನಕ ಬಿಡಿಸಿ ಬಿಡಿಸಿ ಹೇಳಿದೆ.

ಸ್ಪರ್ಧೆಯ ದಿನ ಮೈಕಿನ ಮುಂದೆ ನಿಂತೆ. ಬಾಯಿಪಾಠವೆಲ್ಲ ಮಾಯ. ಎದುರಿಗೆ ಅತ್ತೆ ಕೂತಿದ್ದಾಳೆ ಎಂದುಕೊಂಡು ಮಾತು ಶುರುಮಾಡಿದೆ. ಸೀರೆಯ ಮರೆಯಲ್ಲಿ ಬೆರಳುಗಳು ಕೈಯಲ್ಲಿಲ್ಲದ ಅವರೆಕಾಳನ್ನು ಹಿಸುಕುತ್ತಿದ್ದವು. ಮಾತು ನಿಲ್ಲಲಿಲ್ಲ. ಮುಗಿದ ಮೇಲೆ ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡು ಕೇಳಿದ್ದೇನು ಗೊತ್ತೆ? ಮನೆಯಲ್ಲಿ ಯಾರಿರುತ್ತಾರೆ, ಪತ್ರ ಯಾರ ಹತ್ತಿರ ಇರುತ್ತದೆ! ನಾನು ನಕ್ಕೇಬಿಟ್ಟೆ. ಉತ್ತರ ಕೇಳಿ ಅವರು, ಫಾಂಡ್ ಪದದ ಮೂಲ ಯಾವುದು ಎಂದೂ ಕೆಣಕಿದರು. ಅದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ ಸಾರ್ ಎಂದೆ. ಚಪ್ಪಾಳೆ ಬಿತ್ತು. ಮೊದಲ ಬಹುಮಾನವೇ ಈ ಡಬರಿ. ಗುಬ್ಬಿ ಬಸ್ಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಇವತ್ತು ಮಧ್ಯಾಹ್ನ ಗಂಗಮ್ಮತ್ತೆ ಬಂದವಳೇ ಕಾಳು ಹಿಸುಕಲು ಕೂತಳು. ನನ್ನ ಮಗಳು ಡಬರಿಯ ಮೇಲೆ ಕೆತ್ತಿದ್ದ 'ಪ್ರಥಮ ಬಹುಮಾನ' ಓದಿ, ಇದು ಅಮ್ಮ ಗೆದ್ದದ್ದಾ ಎಂದು ಕೇಳಿದಳು. ಅತ್ತೆ ಕಾಳಿನಿಂದ ಕಣ್ಣೆತ್ತದೆ ಹೇಳಿದಳು: "ನಾವ್ ಗೆದ್ದಿದ್ದು ಕಣೇ."

ಇಷ್ಟು ವರ್ಷ ಊರಿಗೆಲ್ಲ ನಾನು ಗೆದ್ದೆ ಎಂದೇ ಹೇಳಿಕೊಂಡು ತಿರುಗಿದವಳು ನಾನು. ಆದರೂ ಆ 'ನಾವು' ಕೇಳಿ ಬಹುಮಾನ ಇನ್ನೊಮ್ಮೆ ಬಂದಷ್ಟು ಖುಷಿಯಾಯಿತು. ಹೌದು, ನಾವೇ ಗೆದ್ದದ್ದು ಎಂದು ಮಗಳಿಗೆ ಹೇಳಿ, ಅತ್ತೆಯ ಪಕ್ಕ ಕೂತು ಡಬರಿಗೆ ಕೈ ಹಾಕಿದೆ.