ದೀಪ ಹಚ್ಚಿದ ಮೇಲೆ ಹೆಪ್ಪು

ನಿನ್ನೆ ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ರಾತ್ರಿಯ ಹಾಲು ಹಾಲಾಗಿಯೇ ಇತ್ತು. ಮಹಿಳಾ ದಿನಕ್ಕೆ ಭಾಷಣ ಬರೆಯುವ ಭರದಲ್ಲಿ ಹೆಪ್ಪು ಹಾಕುವುದನ್ನೇ ಮರೆತಿದ್ದೆ. ಹೊಸದುರ್ಗದಲ್ಲಿ ಭಾಷಣಕ್ಕೆ ಸುಲಭವಾಗಿ ಸಿಗುವ ಪ್ರಾಣಿಯೆಂದರೆ ನನ್ನಂಥ ನಿವೃತ್ತ ಮೇಡಂ. ವಿಷಯವೇನು ಸಣ್ಣದೇ? ಯುದ್ಧ, ಹೆಣ್ಣಿನ ಮೇಲಿನ ಹಿಂಸೆ, ಶಾಂತಿ. ಸಂಧಾನದ ಮೇಜಿನಲ್ಲಿ ಹೆಂಗಸರಿಗೂ ಕುರ್ಚಿ ಬೇಕು ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದೆ.

ಹೆಪ್ಪು ಎಂದ ಕೂಡಲೇ ನನಗೆ ನೆನಪಾಗುವುದು ಚಿಕ್ಕಜಾಜೂರಿನ ನಮ್ಮಜ್ಜಿ, ಜೊತೆಗೆ ನಾನು ಮಾಡಿದ ಘನಕಾರ್ಯ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊರಗೆ ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ ಅನ್ನುವುದು ನಿಮ್ಮ ಕಡೆಯೂ ಇದ್ದೀತು. ನಮ್ಮ ಓಣಿಯಲ್ಲಿ ಯಾರೂ ಕೊಡುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಆದರೆ ಎದುರುಮನೆಯ ಬಸಣ್ಣ ಹೆಂಡತಿ ರತ್ನಕ್ಕನ ಮೇಲೆ ಕೈ ಎತ್ತಿದ ಸದ್ದು ಕೇಳಿದರೆ ಸಾಕು, ಅಜ್ಜಿ ಬಟ್ಟಲು ಹಿಡಿದು ಹೆಪ್ಪು ಕೇಳಲು ಹೊರಡುತ್ತಿದ್ದಳು.

ಹತ್ತು ವರ್ಷದ ನನಗೆ ಇದು ವಯಸ್ಸಾದವರ ಮರೆವು ಅನಿಸಿತ್ತು. ಒಂದು ಸಂಜೆ ಅಜ್ಜಿಯ ಹಿಂದೆಯೇ ಓಡಿ, ಬಸಣ್ಣನ ಬಾಗಿಲಲ್ಲಿ ನಿಂತು ಕೂಗಿದೆ: "ಅಜ್ಜಿ, ನಮ್ಮನೇಲೇ ಗಡಿಗೆ ತುಂಬ ಮೊಸರೈತೆ, ಬಾ."

ಬಸಣ್ಣನ ಕೈಯಲ್ಲಿ ಬೆಲ್ಟಿತ್ತು. "ಮತ್ಯಾಕ್ ಬಂದಿದೀಯಮ್ಮ ಇಲ್ಲಿಗೆ?" ಎಂದ.

"ನಮ್ದು ಹುಳಿ ಕಣಪ್ಪ, ನಿಮ್ಮನೇದೇ ಬೇಕು. ರತ್ನಿನೇ ಬಂದು ಕೊಡ್ಲಿ, ಕಾಯ್ತೀನಿ," ಎಂದ ಅಜ್ಜಿ ಹೊಸ್ತಿಲ ಮೇಲೇ ಕೂತಳು. ಹೊಸ್ತಿಲ ಮೇಲೆ ಕೂರಬಾರದು ಅನ್ನುವುದೂ ಅವಳದೇ ಕಾನೂನು. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಂದು ಬಟ್ಟಲು ಬಂತು, ಮೂಲೆಮನೆಯಿಂದ ಒಂದು ಲೋಟ, ಕುರಿಹಟ್ಟಿಯ ಕಡೆಯಿಂದ ಒಂದು ಚೊಂಬು. ಯಾರೂ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಕುರಿ ಎಷ್ಟು ಮರಿ ಹಾಕಿದವು, ಈ ಸಲದ ಹುಣಸೆಹಣ್ಣು ಹೇಗಿದೆ ಎಂದು ಮಾತಾಡುತ್ತ ಕೂತರು. ಬಸಣ್ಣ ಆ ಬೆಲ್ಟನ್ನು ಏನು ಮಾಡುವುದೆಂದು ತಿಳಿಯದೆ ಸೊಂಟಕ್ಕೇ ಕಟ್ಟಿಕೊಂಡು ಹೊರಗೆ ಹೋದ.

ವಾಪಸ್ಸು ಬರುವಾಗ ಅಜ್ಜಿ ನನ್ನ ಕಿವಿ ಹಿಂಡಿದಳು. "ದೀಪ ಹಚ್ಚಿದ್ ಮ್ಯಾಲೆ ಯಾರಾನ ಹೆಪ್ಪು ಕೇಳ್ತಾರೇನೇ, ಪೆದ್ದಿ?"

ಬಸಣ್ಣ ಅವತ್ತೇ ಸಾಧುವಾದ ಎಂದು ಸುಳ್ಳು ಹೇಳಲಾರೆ. ಬಟ್ಟಲುಗಳು ವರ್ಷವೆಲ್ಲ ಓಡಾಡಿದವು. ಆದರೆ ಮುಂದೊಂದು ಸಂಜೆ, ಬೇರೆ ಮನೆಯಲ್ಲಿ ಸದ್ದು ಕೇಳಿದಾಗ, ಎಲ್ಲರಿಗಿಂತ ಮೊದಲು ಬಟ್ಟಲು ಹಿಡಿದು ಓಡಿದವಳು ರತ್ನಕ್ಕ.

ಇದನ್ನು ಭಾಷಣಕ್ಕೆ ಸೇರಿಸೋಣ ಎಂದು ನಿನ್ನೆ ಸಂಜೆ ಪೆನ್ನು ಹಿಡಿದೆ. ಗೋಡೆಯಾಚೆ ತಟ್ಟೆ ಬಿದ್ದ ಸದ್ದು, ಹಿಂದೆಯೇ ಆ ಹುಡುಗಿಯ ಅಳು. ಪಕ್ಕದ ಮನೆಗೆ ಹೊಸದಾಗಿ ಬಂದ ಗಂಡ ಹೆಂಡತಿ. ಒಂದು ವಾರದಿಂದ ಇದು ಕೇಳಿಸುತ್ತಿತ್ತು. ಕೇಳಿದಾಗಲೆಲ್ಲ ನಾನು ಏನು ಮಾಡಿದೆ ಅಂತೀರಿ? ಟಿವಿ ಜೋರು ಮಾಡಿದೆ. ನಾಚಿಕೆಯಾಗುತ್ತದೆ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು.

ದೇವರ ಮುಂದೆ ಆಗಲೇ ದೀಪ ಉರಿಯುತ್ತಿತ್ತು. ಬಟ್ಟಲು ಹಿಡಿದು ಹೋಗಿ ಬೆಲ್ ಒತ್ತಿದೆ. ಗಂಡ ಬಾಗಿಲು ತೆಗೆದ.

"ಏನ್ ಆಂಟಿ?"

"ಹೆಪ್ಪು ಬೇಕಿತ್ತಪ್ಪ."

"ಅಂಗಡೀಲಿ ಪ್ಯಾಕೆಟ್ ಮೊಸರು ಸಿಗುತ್ತಲ್ಲ."

"ಸಿಗುತ್ತೆ. ನಂಗೆ ನಿಮ್ಮನೇದೇ ಬೇಕು. ಆ ಹುಡುಗಿನೇ ಬಂದು ಕೊಡ್ಲಿ, ಕಾಯ್ತೀನಿ."

ಮಂಡಿನೋವು ನೆನಪಾಗುವ ಮೊದಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಬೀದಿ ನೋಡಿದೆ, ಒಂದು ಬಟ್ಟಲೂ ಇಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ಹೊರಗೆ ಬಂದಳು. ಕೆನ್ನೆಯ ಮೇಲೆ ಬೆರಳ ಗುರುತು.

"ಮನೇಲಿ ಮೊಸರೇ ಇಲ್ಲ ಆಂಟಿ."

"ಇಲ್ದಿದ್ರೆ ಇಲ್ಲ, ಕುಂತ್ಕ," ಎಂದೆ. ಪಕ್ಕದಲ್ಲಿ ಕೂತಳು.

ಆಗ ಎದುರುಮನೆಯ ಬಾಗಿಲು ತೆರೆಯಿತು. ಆ ಮನೆಯ ಸೊಸೆ ನಮ್ಮ ಚಿಕ್ಕಜಾಜೂರಿನ ಕಡೆಯ ಹೊರಕೆರೆದೇವಪುರದವಳು, ನನಗೆ ಬರೀ ಮುಖಪರಿಚಯ. ಕೈಯಲ್ಲಿ ಲೋಟ ಹಿಡಿದು ಬೀದಿ ದಾಟಿ ಬಂದಳು.

"ಸ್ವಲ್ಪ ಸರ್ಕಳ್ರಿ ಮೇಡಂ," ಎಂದಳು, "ನಂಗೂ ಹೆಪ್ಪು ಬೇಕಿತ್ತು."