ಲ್ಯಾವಿಂಗ್ಟನ್‌ನಲ್ಲಿ ಮೂರು ಗಜ

ಶನಿವಾರ ಬೆಳಿಗ್ಗೆ ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಿಂದ ಮಟಾಟು ಹತ್ತಿದೆವು. ನಮ್ಮ ಟೆಂಪೋದಂಥ ವ್ಯಾನು. ಹಾಡಿನ ಅಬ್ಬರಕ್ಕೆ ಸೀಟೇ ನಡುಗುತ್ತದೆ. ಹತ್ತುವ ಮುಂಚೆಯೇ ಚಾರ್ಜು ಕೇಳಿಕೊಳ್ಳಬೇಕು, ಮಳೆ ಬಂದರೆ ಏರಿಬಿಡುತ್ತದೆ. ಜುಲೈ ತಿಂಗಳು, ಇಲ್ಲಿ ಚಳಿಗಾಲ. ಆಫ್ರಿಕಾ ಅಂದರೆ ಬಿಸಿಲೆಂದು ಬರೀ ಹತ್ತಿ ಬಟ್ಟೆ ತಂದಿದ್ದ ನಾನು ಸರೋಜಕ್ಕನ ಸ್ವೆಟರಿನೊಳಗೆ ಮುದುಡಿ ಕೂತಿದ್ದೆ.

ಸರೋಜಕ್ಕ ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಸೀನಿಯರ್. ನಮ್ಮಿಬ್ಬರ ಮನೆಗಳಲ್ಲೂ ನಾವೇ ಮೊದಲ ಪದವೀಧರರು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಬಡ್ಡಿ ಆಡುತ್ತಿದ್ದವಳು ನೈರೋಬಿಗೆ ಪಿ.ಟಿ. ಟೀಚರಾಗಿ ಬಂದು, ಹುಡುಗಿಯರಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸುತ್ತಿದ್ದ ಅಮೆರಿಕದ ಮೇಷ್ಟರಿಗೆ ಸಹಾಯಕಿಯಾದಳು. ಆತ ಊರಿಗೆ ಮರಳಿದಾಗ ತಂಡ ಇವಳ ಕೈಗೆ ಬಂತು. ಹೆಸರಿಗಷ್ಟೇ ಫುಟ್‌ಬಾಲ್. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವುದು, ಓಡುವವರನ್ನು ಕೆಡಹುವುದು. ನನಗೆ ಕಬಡ್ಡಿಯ ಬಳಗದ ಆಟದಂತೆಯೇ ಕಂಡಿತು.

ಲ್ಯಾವಿಂಗ್ಟನ್ ಮೈದಾನದ ಗೇಟಿನಲ್ಲೇ ಕ್ಲಬ್ಬಿನ ಕಾರ್ಯದರ್ಶಿ ಪ್ರಸಾದ್ ನಮ್ಮನ್ನು ತಡೆದರು. ಬೆಂಗಳೂರಿನವರು, ಔಷಧ ಕಂಪನಿಯ ಮ್ಯಾನೇಜರು. ಸಿರಿವಂತರ ಬಡಾವಣೆ ರುಂಡಾದಿಂದ ಡ್ರೈವರ್ ಕಾರಿನಲ್ಲಿ ಕರೆತಂದಿದ್ದ.

“ಮೇಡಂ, ಇವತ್ತು ಸೋಲ್ಬೇಡಿ ಅಷ್ಟೇ. ಡ್ರಾ ಆದ್ರೂ ಕಮಿಟಿನ ನಾನು ಮ್ಯಾನೇಜ್ ಮಾಡ್ತೀನಿ. ಸೋತ್ರೆ ಫಾರಿನ್ ಕೋಚ್ ಬರ್ತಾರೆ. ನಿಮಗೆ ಊಟದ ಅರೇಂಜ್‌ಮೆಂಟ್ ಕೆಲ್ಸ ಕೊಡಿಸೋಣ.”

“ಅಡಗಿ ಬಡಸಾಕ ನಾ ಬಿ.ಪಿ.ಎಡ್. ಮಾಡಿಲ್ಲರಿ,” ಎಂದಳು ಸರೋಜಕ್ಕ. “ನೀವ ಬಡಸ್ರಿ. ಸೂಟು ಚೊಲೊ ಒಪ್ಪತೈತಿ.”

ಆಟ ಮುಗಿಯುತ್ತ ಬಂದಾಗ ಎದುರಾಳಿಗಳು ಏಳು ಅಂಕ ಗಳಿಸಿದ್ದರು, ನಮ್ಮದು ಸೊನ್ನೆ. ಕೊನೆಯ ನಿಮಿಷದಲ್ಲಿ ನಮ್ಮ ನಾಯಕಿ ವಾಂಜಿಕು ಚೆಂಡಿನೊಡನೆ ಎದುರಾಳಿಗಳ ತುದಿಯ ಗೆರೆ ದಾಟಿದಳು, ಆರು ಅಂಕ. ಹಾಗೆ ದಾಟಿದ ಮೇಲೆ ಇನ್ನೊಂದು ಅವಕಾಶವಿದೆ: ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಮೂರು ಗಜ ದೂರದಿಂದ ಮತ್ತೆ ಗೆರೆ ದಾಟಿದರೆ ಎರಡು. ಒದೆಯುವುದು ಸುಲಭ. ಒದ್ದರೆ ಡ್ರಾ, ದಾಟಿದರೆ ಗೆಲುವು.

“ಕಿಕ್ ಮಾಡ್ಸಿ ಮೇಡಂ!” ಪ್ರಸಾದ್ ಕೂಗಿದರು.

ನಾನೂ ಅವಳ ತೋಳು ಹಿಡಿದೆ. “ಅಕ್ಕಾ, ಡ್ರಾ ಸಾಕಲ್ಲ? ನಿನ್ನ ಕೆಲಸ ಉಳೀತೈತಿ.”

“ನನ್ನ ಕೆಲಸ ಉಳೀತೈತಿ. ಈ ಹುಡುಗ್ಯಾರ ಮ್ಯಾಚು?” ಎಂದವಳೇ ವಾಂಜಿಕುವಿನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು. “ಏನು ಬೇಕು ನಿನಗೆ?”

“ಗೆಲ್ಲಬೇಕು, ಕೋಚ್.”

“ಟ್ವೆಂಡೆ!” ಹಾಗೆಂದರೆ ಸ್ವಾಹಿಲಿಯಲ್ಲಿ, ನಡೀರಿ.

ವಾಂಜಿಕು ನುಗ್ಗಿದಳು. ಗೆರೆಗೆ ಒಂದು ಗೇಣು ಇದ್ದಾಗ ಮೂವರು ಸೇರಿ ಕೆಡವಿದರು. ಸೋತೆವು.

“ಸೋಮವಾರದಿಂದ ಬರಬೇಡಿ,” ಎಂದರು ಪ್ರಸಾದ್, ಮುಖ ನೋಡದೆ.

“ಆಗಲ್ರಿ,” ಎಂದು ಸರೋಜಕ್ಕ ಚೀಲ ಹೆಗಲಿಗೇರಿಸಿದಳು. ಹಿಂತಿರುಗಿ ನೋಡಿದರೆ ಮೈದಾನದ ನಮ್ಮ ಬದಿಯಲ್ಲಿ ಪ್ರಸಾದ್ ಒಬ್ಬರೇ. ಹುಡುಗಿಯರೆಲ್ಲ ಮಣ್ಣು ಮೆತ್ತಿದ ಬಟ್ಟೆಯಲ್ಲೇ ನಮ್ಮ ಹಿಂದೆ ಬಂದು ಮಟಾಟುವಿನಲ್ಲಿ ತುಂಬಿಕೊಂಡರು. ಗಾಡಿ ಹೊರಟಿದ್ದೇ ತಡ, ಸರೋಜಕ್ಕ ವಾಂಜಿಕುವನ್ನು ತರಾಟೆಗೆ ತೆಗೆದುಕೊಂಡಳು.

“ಗೆರೆ ಹತ್ತಿರ ತಲೆ ಯಾಕೆ ಎತ್ತಿದೆ? ಏಳು, ಎದ್ದು ತೋರಿಸು.”

ಸೀಟುಗಳ ನಡುವೆ ವಾಂಜಿಕು ಭುಜ ತಗ್ಗಿಸಿ ನಿಂತಳು. ಇನ್ನೂ ತಗ್ಗಿಸು ಎಂದು ಸರೋಜಕ್ಕ ಅವಳ ಬೆನ್ನು ಒತ್ತಿದಳು. ಕೂತುಕೊಳ್ಳಿ ಎಂದು ಕಂಡಕ್ಟರ್ ಕಿರುಚಿದ.

“ಸುಮ್ಮನಿರಪ್ಪಾ,” ಎಂದಳು ಕೋಚ್. “ಪ್ರಾಕ್ಟೀಸ್ ನಡೆದಿದೆ.”